ಇವತ್ತು ಕಾರಿಗೆ ಛಾವಣಿ ಬೇಡ

ತಮ್ಮಾ,

ಇನ್ನು ನಮ್ಮ ಕೈಲಿ ಏನೂ ಇಲ್ಲ, ಅಪ್ಪನನ್ನು ಮನೆಗೆ ಕರೆದುಕೊಂಡು ಹೋಗಿ ಅಂದರು ಡಾಕ್ಟರು. ನಾನು ಅವರ ಹತ್ತಿರ ಹೊರಟೆ. ಮಧ್ಯಾಹ್ನ ಆಸ್ಪತ್ರೆಗೆ ಕಾರು ತಗೊಂಡು ಬಾ.

ಕಾರಿನ ಹರಿದ ಬಟ್ಟೆ ಛಾವಣಿಯನ್ನು ಪೂರ್ತಿ ಕಿತ್ತಿದ್ದೇನೆ. ಹೊಸದನ್ನು ನೀನು ಕೂರಿಸಲು ಹೋಗಬೇಡ. ಅಂಟಿನ ಡಬ್ಬಿ ತೆರೆದೆ, ಅಪ್ಪನ ಅಂಗಿಯ ವಾಸನೆ ಬಂತು, ಹಾಗೇ ಮುಚ್ಚಿಬಿಟ್ಟೆ. ಕಾರ್ಖಾನೆಯ ಕಿಟಕಿಯಿಲ್ಲದ ಶೆಡ್ಡಿನಲ್ಲಿ ಇಂಥವೇ ಛಾವಣಿಗಳನ್ನು ಅಂಟಿಸಿ ಅಂಟಿಸಿಯೇ ಅವರ ಎದೆ ಸುಟ್ಟುಹೋಗಿದ್ದು. ಮುಖಕ್ಕೊಂದು ಮಾಸ್ಕ್ ಕೇಳಿದರೆ, “ನೀನೇನು ಕಳ್ಳನೇನಯ್ಯಾ, ಮುಖ ಮುಚ್ಕೊಳ್ಳೋಕೆ?” ಅಂದು ನಕ್ಕಿದ್ದನಂತೆ ಅಲ್ಲಿನ ಮ್ಯಾನೇಜರ್.

ಡಬ್ಬಿಯನ್ನು ಮನೆಯಿಂದ ಆಚೆ ಹಾಕು. ದಪ್ಪ ಕಂಬಳಿ ಮರೀಬೇಡ, ದಿಂಬೂ ತಾ. ಗಾಳಿ ಹೊಡೆಯುತ್ತೆ ಅಂತ ನನ್ನ ಹತ್ತಿರ ವಾದಕ್ಕೆ ನಿಲ್ಲಬೇಡ, ಮಾರಾಯ. ತೆರೆದ ಕಾರನ್ನೇ ತಾ.

ಮುಚ್ಚಿದ ಜಾಗದಲ್ಲಿ ಅಪ್ಪ ಉಸಿರಾಡಿದ್ದು ಸಾಕು.

ಅಕ್ಕ