ಬೀಗರಿಗೆ ಕೊಟ್ಟ ಕಷಾಯ

ಕ್ರಿ.ಶ. ೨೨೩೬, ಎರಡನೇ ಭಾದ್ರಪದ, ಅಮಾವಾಸ್ಯೆಯ ಹಿಂದಿನ ದಿನ
ಹಿರಿಯೂರು ಮೇಲೂರು

ತಿಪ್ಪಮ್ಮಜ್ಜಿಗೆ ನಿನ್ನ ವಂಶದ ಸೊಸೆ ಸೂರಮ್ಮ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡ. ನಮಗೀಗ ಪ್ರತಿ ವರ್ಷವೂ ಎರಡು ಭಾದ್ರಪದ. ಸೆಕೆ ಮಿತಿಮೀರಿದ ಮೇಲೆ ಪಂಚಾಂಗದವರು ಸೇರಿಸಿದ್ದು, ವಿವರಿಸಲು ಹೋದರೆ ಕಾಗದ ಅದರಲ್ಲೇ ಮುಗಿದೀತು. ನನ್ನ ಕೆಲವು ಮಾತುಗಳು ನಿನಗೆ ವಿಚಿತ್ರವಾಗಿ ಕೇಳಿಸಬಹುದು, ಹೊಟ್ಟೆಗೆ ಹಾಕಿಕೋ. ಇಂಥ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಪಿತೃಪಕ್ಷದಲ್ಲಿ ಎಡೆ ಇಡುವುದರ ಜೊತೆಗೆ, ಹಿರಿಯರೊಬ್ಬರಿಗೆ ಅವರು ಬದುಕಿದ್ದ ಕಾಲಕ್ಕೆ ಒಂದು ಓಲೆ ಬರೆದು ಹೊಂಗೆ ಮರದ ಬುಡದಲ್ಲಿ ಹೂಳುವುದು ಪದ್ಧತಿ. ತಲುಪುತ್ತದೋ ಬಿಡುತ್ತದೋ, ಯಾರೂ ವಿಚಾರಿಸಿಲ್ಲ. ಓಲೆಯಲ್ಲಿ ಹಿರಿಯರನ್ನು ತಾವು ಎನ್ನಬೇಕೆಂದು ನನ್ನ ಅತ್ತೆ ಓಬಕ್ಕ ಹೇಳಿಕೊಟ್ಟಿದ್ದಾರೆ. ಅಜ್ಜಿಗೆ ಬಹುವಚನ ಹಾಕಲು ನನಗೆ ಬಾಯಿ ಬರುವುದಿಲ್ಲ, ನೀನು ಅಂತಲೇ ಬರೆಯುತ್ತೇನೆ.

ಊರು ಈಗ ನೀನು ಕಂಡ ಜಾಗದಲ್ಲಿಲ್ಲ, ಗುಡ್ಡದ ಮೇಲೆ ಹತ್ತಿದೆ. ಬೀದಿಗಳಿಗೆಲ್ಲ ದಪ್ಪ ಬಟ್ಟೆಯ ಚಪ್ಪರ ಕಟ್ಟಿರುತ್ತೇವೆ, ನಾನು ಹೊಟ್ಟೆಪಾಡಿಗೆ ಮಾಡುವುದು ಅದನ್ನು ಹೊಲಿಯುವ ಕೆಲಸವನ್ನೇ. ಎಲ್ಲರ ಮಣಿಕಟ್ಟಿನಲ್ಲೂ ನಾಡಿಬಳೆ ಇರುತ್ತದೆ, ಎದೆಬಡಿತ ಏರುಪೇರಾದರೆ ಕೂಗಿಕೊಳ್ಳುವ ಬಳೆ. ತರಕಾರಿ ಬೆಳೆಯುವಷ್ಟು ನೀರಿಲ್ಲ. ಆದರೆ ಗೋಡೆಯಲ್ಲಿ ಗೂಡು ಮಾಡಿ ತುಳಸಿ, ಅಮೃತಬಳ್ಳಿ, ದೊಡ್ಡಪತ್ರೆ ಬೆಳೆಸದ ಮನೆಯಿಲ್ಲ. ಮನೆಮನೆಗೂ ಒಂದೊಂದು ಮನೆಗಷಾಯ ಇದೆ. ಬಂದವರಿಗೆ ನೀರಿನ ಜೊತೆ ಅದನ್ನೇ ಕೊಡುವುದು. ಅದರಲ್ಲಿ ಏನು ಹಾಕಿದ್ದೀರಿ ಎಂದು ಕೇಳುವುದು, ನಿಮ್ಮ ಕಾಲದಲ್ಲಿ ಮನೆಗೆ ಬಂದವರು ನಿಮಗೆ ಸಂಬಳ ಎಷ್ಟು ಎಂದು ಕೇಳಿದ ಹಾಗೆ. ಮದುವೆಯ ದಿನ ಅತ್ತೆ ಸೊಸೆಯ ಕಿವಿಯಲ್ಲಿ ಹೇಳುತ್ತಾರೆ, ಅಲ್ಲಿಗೆ ಮುಗಿಯಿತು.

ನಮ್ಮ ಮನೆಗಷಾಯ ನಿನ್ನದೇ ಅಂತೆ. ಜನ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಓಡಾಡಿದ ಆ ಕೊರೊನಾ ಕಾಲದಲ್ಲಿ, ಮಕ್ಕಳ ಕೆಮ್ಮಿಗೆಂದು ನೀನು ಶುಂಠಿ, ಮೆಣಸಿನ ಜೊತೆ ಉಗುರಿನಷ್ಟು ಅತಿಮಧುರದ ಬೇರು ಹಾಕಿ ಕುದಿಸುತ್ತಿದ್ದೆಯಂತೆ. ಎರಡು ಮೂರು ದಿನ ಕೊಟ್ಟು, ಕೆಮ್ಮು ನಿಂತ ಮೇಲೆ ಪಾತ್ರೆ ತೊಳೆದು ಮೇಲಿಡುತ್ತಿದ್ದೆ. ನಾವು ಆ ಪಾತ್ರೆಯನ್ನು ಒಲೆಯಿಂದ ಇಳಿಸಲೇ ಇಲ್ಲ. ಉಗುರಿನಷ್ಟಿದ್ದದ್ದು ಹಿಡಿಯಷ್ಟಾಯಿತು. ಬೇರೆಯವರು ಬೆಲ್ಲ ಹಾಕಿದರೂ ಬಾರದ ಸಿಹಿ ನಮ್ಮಲ್ಲಿ ಬೆಲ್ಲವಿಲ್ಲದೆ ಬರುತ್ತದೆಂದು ಬೀದಿಯಲ್ಲೆಲ್ಲ ಹೆಸರು. ಆ ಹೆಸರಿಗಾಗಿ ನಾನೂ ಸೊಂಟಕ್ಕೆ ಸೆರಗು ಸಿಕ್ಕಿಸಿ ಜಂಬ ಕೊಚ್ಚಿಕೊಂಡವಳೇ. ಯಾರಾದರೂ ಅನುಮಾನಪಟ್ಟರೆ, ಗಿಡಮೂಲಿಕೆ ತಾನೆ, ಏನೂ ಆಗಲ್ಲ ಬಿಡಿ ಎನ್ನುವುದು ಇಡೀ ಊರಿಗೆ ಬಾಯಿಪಾಠ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ಕೆಂಚಮ್ಮನಿಗೆ ಗಂಡು ಗೊತ್ತಾಗಿದೆ. ನಿಮ್ಮ ಕಾಲದಲ್ಲಿ ಹಳತಾಗಿದ್ದ ಹೆಸರುಗಳೇ ನಮ್ಮಲ್ಲಿ ಹೊಸ ಫ್ಯಾಷನ್, ನಗಬೇಡ. ಮದುವೆಗೆ ಮುಂಚೆ ಗಂಡಿನ ಕಡೆಯ ಹಿರಿಯರೊಬ್ಬರು ಹೆಣ್ಣಿನ ಮನೆಯಲ್ಲಿ ಒಂದು ತಿಂಗಳು ಇದ್ದು ಹೋಗಬೇಕು, ಇದಕ್ಕೆ ಹೊಂದಿಕೆವಾಸ ಎನ್ನುತ್ತಾರೆ. ಹಾಗೆ ಬಂದವರು ಹುಡುಗನ ತಂದೆ ಪಾಲಾಕ್ಷಪ್ಪ. ಅಂಥ ಮನುಷ್ಯರು ಸಿಗುವುದು ಅಪರೂಪ, ಅಜ್ಜಿ. ತಟ್ಟೆ ತಾವೇ ಎತ್ತಿಡುತ್ತಿದ್ದರು, ನನ್ನ ಹೊಲಿಗೆಗೆ ದಾರ ಪೋಣಿಸಿ ಕೊಡುತ್ತಿದ್ದರು. ಕಷಾಯ ಕುಡಿದ ಮೊದಲ ದಿನವೇ, ಈ ರುಚಿಗೆ ನನ್ನ ಚಿಕ್ಕ ಮಗನನ್ನೂ ನಿಮ್ಮ ಮನೆಗೇ ಕೊಡುತ್ತೇನೆ, ಇನ್ನೊಬ್ಬಳು ಮಗಳಿದ್ದರೆ ಹೇಳಿ ಎಂದು ನಗಿಸಿದರು. ಬೆಳಿಗ್ಗೆ ಒಂದು ದೊಡ್ಡ ಲೋಟ, ಸಂಜೆ ಒಂದು. ಅವರಿಗೆ ಬಿಪಿ ಇತ್ತು, ಅದಕ್ಕೆ ಮೂತ್ರ ಹೆಚ್ಚಿಸುವ ಗುಳಿಗೆ ನುಂಗುತ್ತಿದ್ದರು. ಅದನ್ನು ಬಚ್ಚಲುಮನೆಯಲ್ಲಿ ಕದ್ದು ನುಂಗುತ್ತಿದ್ದರೆಂದು ಆಮೇಲೆ ತಿಳಿಯಿತು. ಕಾಯಿಲೆಯವರ ಮನೆ ಎಂದು ನಾವು ಹಿಂಜರಿದೇವು ಅಂತ ಅವರಿಗೆ ಭಯ. ಅವರು ಗುಳಿಗೆ ಮುಚ್ಚಿಟ್ಟರು, ನಾವು ಬೇರು ಮುಚ್ಚಿಟ್ಟೆವು.

ಮೂರನೇ ವಾರಕ್ಕೆ ಅವರ ಪಾದಗಳು ಊದಿಕೊಂಡವು. ನಿಮ್ಮ ಮನೆ ಊಟ ಕಾಲಿಗೂ ಇಳಿದಿದೆ ನೋಡಿ ಎಂದು ಅದಕ್ಕೂ ತಮಾಷೆ ಮಾಡಿದರು. ಆಮೇಲೆ ತೊಡೆಯಲ್ಲಿ ಶಕ್ತಿಯಿಲ್ಲ, ಕೂತರೆ ಏಳಲು ಕಷ್ಟ. ಅತ್ತೆ ಪಾಪ, ನಿಶ್ಶಕ್ತಿ ಎಂದುಕೊಂಡು ಮಧ್ಯಾಹ್ನಕ್ಕೆ ಮೂರನೇ ಲೋಟ ಶುರು ಮಾಡಿದರು. ಕಾಯಿಸಿ ಕೊಟ್ಟವಳು ನಾನು. ಒಂದು ದಿನ ಮೆಟ್ಟಿಲ ಮೇಲೆ ಕುಸಿದರು, ನಾಡಿಬಳೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿಕೊಂಡಿತು. ಆಸ್ಪತ್ರೆಯಲ್ಲಿ ಹುಡುಗ ಅಪ್ಪನ ಗುಳಿಗೆಗಳ ಹೆಸರು ಹೇಳಿದ. ಬೇರೆ ಏನಾದರೂ ಔಷಧಿ ಕೊಟ್ಟಿದ್ದೀರಾ ಎಂದು ಡಾಕ್ಟರ್ ತಸ್ಕೀನ್ ಅವರು ನಮ್ಮನ್ನು ಕೇಳಿದಾಗ, ಇಲ್ಲ ಎಂದೆವು. ಅವತ್ತು ಅದು ಸುಳ್ಳಲ್ಲ. ಕಷಾಯ ನಮಗೆ ಔಷಧಿಯೇ ಅಲ್ಲ, ಉಪಚಾರ. ಹಾಗಾಗಿ ದಿನವೂ ಅದನ್ನು ಫ್ಲಾಸ್ಕಿಗೆ ತುಂಬಿ ವಾರ್ಡಿಗೆ ಒಯ್ದೆ. ಅವರು ತಲೆ ಎತ್ತಲಾಗದಿದ್ದರೂ ನನ್ನನ್ನು ಕಂಡು ನಗುತ್ತಿದ್ದರು, ನಾನು ಚಮಚದಲ್ಲಿ ಕುಡಿಸುತ್ತಿದ್ದೆ.

ಇವತ್ತು ಬೆಳಿಗ್ಗೆ ಡಾಕ್ಟರಮ್ಮ ಎರಡೂ ಮನೆಯವರನ್ನು ಕರೆದು ನಿಲ್ಲಿಸಿಕೊಂಡರು. ಡ್ರಿಪ್ ಹಾಕಿದರೂ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತಲೇ ಇದೆ, ಬಿಪಿ ಏರುತ್ತಲೇ ಇದೆ, ಕಿಡ್ನಿಯ ಮೇಲಿನ ಗ್ರಂಥಿ ಕೆಟ್ಟಿರಬೇಕು, ನಾಳೆ ಆಪರೇಷನ್ ಮಾಡಿ ತೆಗೆಯುತ್ತೇವೆ, ಈ ಎದೆಬಡಿತದಲ್ಲಿ ಅದು ಅಪಾಯವೇ ಎಂದರು. ಹೊರಟವರು ತಿರುಗಿ ಇನ್ನೊಂದು ಮಾತು ಕೇಳಿದರು. ಇವರು ಅತಿಮಧುರ ಏನಾದರೂ ತಿನ್ನುತ್ತಿದ್ದರಾ, ಆ ಬೇರನ್ನು ಹೆಚ್ಚಾಗಿ ಬಹಳ ದಿನ ತೆಗೆದುಕೊಂಡರೂ ಥೇಟ್ ಹೀಗೇ ಆಗುತ್ತದೆ, ಅವರ ಗುಳಿಗೆಯ ಜೊತೆ ಸೇರಿದರಂತೂ ಇನ್ನೂ ಬೇಗ, ಹಾಗಿದ್ದರೆ ಆಪರೇಷನ್ನೇ ಬೇಡ, ಅದನ್ನು ನಿಲ್ಲಿಸಿ ಪೊಟ್ಯಾಸಿಯಂ ಕೊಟ್ಟರೆ ಸಾಕು ಎಂದರು. ಅತ್ತೆ ಒಂದೇ ಉಸಿರಿಗೆ, ನಮ್ಮ ಮನೆಯಲ್ಲಿ ಅಂಥದ್ದೇನೂ ಮುಟ್ಟುವುದಿಲ್ಲ ಎಂದುಬಿಟ್ಟರು. ಫ್ಲಾಸ್ಕು ನನ್ನ ಕಂಕುಳಲ್ಲೇ ಇತ್ತು, ಬಿಸಿ ತಾಗುತ್ತಿತ್ತು. ಮಗಳು ಪಕ್ಕದಲ್ಲಿದ್ದಳು, ಎದುರಿಗೆ ಅಳಿಯನಾಗುವ ಹುಡುಗ. ಬೀದಿಯವರೆಲ್ಲ ಹೆದರುವ ಬಾಯಿ ನನ್ನದು. ನಾನು ನೆಲ ನೋಡುತ್ತಾ ನಿಂತೆ.

ಮನೆಗೆ ಬಂದು ಕಷಾಯವನ್ನು ಮೋರಿಗೆ ಸುರಿದೆ. ನನ್ನ ಧೈರ್ಯ ಇಷ್ಟಕ್ಕೇ ಮುಗಿಯಿತು. ಅವರು ಕುಡಿಯದಿದ್ದರೆ ತಾನಾಗೇ ಸರಿಹೋಗಲಿ, ಯಾರಿಗೂ ತಿಳಿಯದೆ ಕಳೆದುಹೋಗಲಿ ಎಂದು ದೇವರಲ್ಲಿ ಬೇಡಿಕೊಂಡೆ. ಎಂಥ ಬೇಡಿಕೆ ನೋಡು. ನಾಳೆ ಬೆಳಿಗ್ಗೆ ಕತ್ತರಿಸುತ್ತಾರೆ ಎಂದು ಗೊತ್ತಿದ್ದೂ ಬೇಡಿಕೊಂಡೆ. ಹೇಳಿದರೆ ಸಂಬಂಧ ಮುರಿದೀತು, ಅತ್ತೆ ಎಲ್ಲರೆದುರು ಸುಳ್ಳುಗಾತಿಯಾದಾರು, ಮಗಳು ನನ್ನ ಮುಖ ನೋಡದಿರಬಹುದು. ಅತ್ತೆ ಕೆಟ್ಟವರಲ್ಲ. ನನ್ನ ಬಾಣಂತನದಲ್ಲಿ ನನ್ನ ಬಟ್ಟೆ ಒಗೆದವರು. ಅವರನ್ನು ಕಾಪಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ, ಆ ಮಾತಿಗೂ ನನಗೆ ನಾಚಿಕೆಯಾಗುತ್ತದೆ.

ಅಜ್ಜಿ, ಕಷಾಯ ಮಾಡುವುದನ್ನು ಬಿಡು ಎಂದು ನಾನು ಹೇಳುತ್ತಿಲ್ಲ. ನೀನು ಮಾಡಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ನಿನ್ನ ಸೊಸೆಗೆ ಹೇಳಿಕೊಡುವಾಗ ಗುಟ್ಟು ಅಂತ ಹೇಳಬೇಡ. ಇದು ಕೆಮ್ಮಿಗೆ, ಇಷ್ಟೇ ಇಷ್ಟು, ಇಷ್ಟೇ ದಿನ ಅಂತ ಅಂಗಳದಲ್ಲಿ ನಿಂತು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳು. ಕುಡಿಯುವವರನ್ನು ಏನು ಗುಳಿಗೆ ತೆಗೆದುಕೊಳ್ಳುತ್ತೀರಿ, ಬಿಪಿ ಇದೆಯಾ, ಬಸಿರಾ ಎಂದು ಕೇಳಿಯೇ ಕೊಡು. ಡಾಕ್ಟರು ಔಷಧಿ ಏನಾದರೂ ಎಂದಾಗ ಅಡುಗೆಮನೆಯದನ್ನೂ ಹೇಳು. ರೋಗದ ಮೇಲೆ ಕೈಮಾಡುವ ಶಕ್ತಿ ಒಂದು ಬೇರಿಗಿದೆ ಎಂದು ನಂಬುತ್ತೇವೆ. ಆ ಶಕ್ತಿ ಕೆಡುಕು ಮಾಡಲಾರದು ಎಂದು ನಮಗೆ ಹೇಳಿದವರು ಯಾರು?

ಇಷ್ಟು ಬರೆದ ಮೇಲೆ ಮನಸ್ಸು ಹಗುರಾಗಿದೆ, ಅದೇ ನನಗೆ ಭಯವಾಗುತ್ತಿದೆ. ನೀನು ಸತ್ತು ಎಷ್ಟು ಕಾಲವಾಯಿತು. ನಿನ್ನ ಮುಂದೆ ಅತ್ತರೆ ನನ್ನ ಮಗಳ ಮದುವೆಗೇನೂ ಆಗುವುದಿಲ್ಲ, ಬಯ್ಯಲೂ ನಿನ್ನಿಂದಾಗದು. ಪಾಲಾಕ್ಷಪ್ಪನವರು ಎರಡು ಬೀದಿಯಾಚೆ ಇನ್ನೂ ಉಸಿರಾಡುತ್ತಿದ್ದಾರೆ, ನಾನಿಲ್ಲಿ ಕೂತು ಚೆನ್ನಾದ ಕನ್ನಡ ಬರೆಯುತ್ತಿದ್ದೇನೆ. ಈ ಓಲೆಯನ್ನು ಹೂಳುವುದಿಲ್ಲ ಅಜ್ಜಿ, ನಿನಗೆ ಇದು ತಲುಪುವುದಿಲ್ಲ, ಕ್ಷಮಿಸು. ಆಸ್ಪತ್ರೆಗೆ ಒಯ್ಯುತ್ತೇನೆ. ಬೆಳಿಗ್ಗೆ ಬಾರದ ಬಾಯಿ ಈಗಲೂ ಬಾರದಿದ್ದರೆ ಕಾಗದವನ್ನೇ ಕೈಗೆ ಕೊಡುತ್ತೇನೆ.

ಡಾಕ್ಟರಮ್ಮ, ಮೇಲಿನದನ್ನೆಲ್ಲ ಓದಲು ಪುರುಸೊತ್ತಿಲ್ಲದಿದ್ದರೆ ಇಷ್ಟು ಸಾಕು. ಪಾಲಾಕ್ಷಪ್ಪನವರಿಗೆ ನಮ್ಮ ಮನೆಯಲ್ಲಿ ದಿನವೂ ಅತಿಮಧುರದ ಕಷಾಯ ಕುಡಿಸಿದ್ದೇವೆ, ಹಿಡಿ ಬೇರು ಹಾಕಿದ್ದು. ನಿಮ್ಮ ವಾರ್ಡಿನಲ್ಲೂ ಕುಡಿಸಿದವಳು ನಾನೇ, ನಿನ್ನೆಯ ತನಕ. ನಾಳೆ ಅವರನ್ನು ಕತ್ತರಿಸಬೇಡಿ.