ಹಿತ್ತಲಲ್ಲಿರೋ ಸಾಕ್ಷಿ

ರೀ, ಎದ್ದ ತಕ್ಷಣ ಇದನ್ನ ಓದಿ. ಹೋದ ವಾರ ನನ್ನ ಸ್ಕೂಟರಿಗೆ ಹಾಕಿದ ದಂಡ ಕಟ್ಟಲ್ಲ, ಕೋರ್ಟಿಗೆ ಹೊರಟೆ!

'ವಾಹನ ನಿಲ್ಲಿಸಬಾರದು' ಅಂತ ಬೋರ್ಡಿದ್ರೂ ಬ್ಯಾಂಕಿನ ಮುಂದೆ ನಿಲ್ಲಿಸಿದೆ ಅಂತ ತಾನೆ ಪೊಲೀಸರು ಬರೆದಿರೋದು? ಆ ಬೋರ್ಡನ್ನ ಬ್ಯಾಂಕಿನವರು ಕಿತ್ತು, ಹೊಸ ಬಣ್ಣ ಬಳಿಯೋಕೆ ನಿಮಗೇ ಕೊಟ್ಟು ತಿಂಗಳಾಯ್ತಲ್ಲ! ನಮ್ಮ ಹಿತ್ತಲಲ್ಲೇ ಬಿದ್ದಿದೆ. ಬೆಣ್ಣೆ ಕೈಯಲ್ಲಿಟ್ಕೊಂಡು ತುಪ್ಪಕ್ಕೆ ಅಲೆದ ಹಾಗಾಯ್ತು.

ಈಗ ಹುರುಪು ಬಂದು ಅದಕ್ಕೆ ಬಣ್ಣ ಬಳಿದೀರಿ, ಜೋಕೆ! ಹಾಗೇ ಹಳೇ ಬೆಡ್‌ಶೀಟಲ್ಲಿ ಸುತ್ತಿ ಆಟೋದಲ್ಲಿ ತನ್ನಿ. ತಿಂಡಿ ಮುಚ್ಚಿಟ್ಟಿದೀನಿ. ಗಡ್ಡ ಬೋಳಿಸ್ಕೊಳ್ಳಿ.

ನಿಮ್ಮ ಸೋಮಾರಿತನಕ್ಕೆ ಬೈದು ಬೈದು ನನ್ನ ಬಾಯಿ ಒಣಗಿದೆ. ಇವತ್ತು ಜಡ್ಜ್ ಕೇಳಿದ್ರೆ, 'ಹೌದು ಸ್ವಾಮಿ, ನಾನು ಯಾವ ಕೆಲಸಾನೂ ಹೇಳಿದ ದಿನ ಮುಗಿಸಲ್ಲ' ಅಂತ ಎದೆ ತಟ್ಟಿ ಹೇಳಿ.

ಆದ್ರೆ ದಮ್ಮಯ್ಯ, ಅದನ್ನ ಹೇಳೋಕಾದ್ರೂ ಹೊತ್ತಿಗೆ ಸರಿಯಾಗಿ ಬನ್ನಿ.