ಇಮಾಮ ತಟ್ಟಿದಾಗ ತೆಗೆದ ಫೋಟೋ

ಹುಣಸೂರು
ತಾ॥ ೧೭-೧೧-೧೯೩೭
ಈಶ್ವರ ಸಂವತ್ಸರದ ಕಾರ್ತಿಕ

ಚಿರಂಜೀವಿ ಸೌಭಾಗ್ಯವತಿ ವಿಮಲಳಿಗೆ ನಿನ್ನ ಅಪ್ಪ ಸಣ್ಣಬೀರಯ್ಯ ಮಾಡುವ ಆಶೀರ್ವಾದಗಳು.

ಮೈಸೂರಿನಲ್ಲಿ ಅಳಿಯ ನಂಜುಂಡಸ್ವಾಮಿಯವರು ಹೇಗಿದ್ದಾರೆ? ಸ್ಕೂಲಿನ ಹುಡುಗರ ಪರೀಕ್ಷೆ ಪೇಪರು ತಿದ್ದಿ ತಿದ್ದಿ ಬರುತ್ತಿದ್ದ ತಲೆನೋವು ನಿಂತಿತೆ? ನಿಮ್ಮತ್ತೆ ಮಾಯಮ್ಮನವರ ಮಂಡಿಗೆ ನಾನು ಕಳಿಸಿದ ಹರಳೆಣ್ಣೆ ಹಿಡಿಯಿತೆ? ನಮ್ಮ ಕೂಸು ದೊಡ್ಡತಾಯಿಗೆ ಹಲ್ಲು ಬಂದವೆ, ಅಂಬೆಗಾಲಿಡುತ್ತಾಳೆಯೆ? ನಿನ್ನ ಊಟ, ನಿದ್ದೆ ಹೇಗಿದೆ? ಇಲ್ಲಿ ನಿನ್ನ ಅವ್ವ ಚಾಮುಂಡಮ್ಮ ಗುಂಡುಕಲ್ಲಿನ ಹಾಗಿದ್ದಾಳೆ. ರಾಗಿ ತೆನೆ ಬಲಿತಿದೆ. ಕರಿ ಎಮ್ಮೆ ಈದಿದೆ, ಹೆಣ್ಣು ಕರು.

ನಿನ್ನ ಕಾಗದ ದೀಪಾವಳಿಗೆ ಮುಂಚೆಯೇ ಬಂದಿತ್ತು. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ ಮಗ. ನೀನು ಪೆನ್ಸಿಲಿನಲ್ಲಿ ಬರೆದಿದ್ದೆ, ಅಂಗಳದ ಬಿಸಿಲಿನಲ್ಲಿ ಕೂತು ಓದಿ ಮುಗಿಸಲು ಹಲವು ಮಧ್ಯಾಹ್ನ ಹಿಡಿಯಿತು. ಇನ್ನು ಮುಂದೆ ಮಸಿಯಲ್ಲೇ ಬರೆ. ನನ್ನ ಅಕ್ಷರ ಕುಂಬಳಕಾಯಿಯಷ್ಟು ದಪ್ಪ, ಸಾಲು ಹೊಲದ ಬದುವಿನ ಹಾಗೆ ಸೊಟ್ಟ ಎಂದು ನಗಬೇಡ. ನಿಬ್ಬು ಹಳೆಯದಾಯಿತು.

ನಿನ್ನ ಕಾಗದದಲ್ಲಿ ಒಂದು ಮಾತು ನನಗೆ ತಾಗಿತು. "ಊರಿನವರು ಹೊಡೆದ ಒಂದೊಂದು ಗೋಲಿಗೂ ಫೋಟೋ ತೆಗೆಯುವ ಅಪ್ಪ, ಐದು ತಿಂಗಳು ತೊಡೆಯ ಮೇಲೇ ಆಡಿದ ಮೊಮ್ಮಗಳದ್ದು ಒಂದೂ ತೆಗೆಯಲಿಲ್ಲ. ಗಂಡು ಕೂಸಾಗಿದ್ದರೆ ತೆಗೆಯುತ್ತಿದ್ದೆಯೋ ಏನೋ" ಎಂದು ಬರೆದಿದ್ದೀಯ. ಅದಕ್ಕೆ ಉತ್ತರ ಕೊಡದೆ ಈ ಕಾಗದ ಮುಗಿಸುವುದಿಲ್ಲ. ಆದರೆ ಮೊದಲು ಇಮಾಮನ ಸುದ್ದಿ ಹೇಳಬೇಕು. ಅಳಿಯಂದಿರಿಗೂ ಓದಿ ಹೇಳು, ಅವರಿಂದ ಒಂದು ಕೆಲಸ ಆಗಬೇಕಾಗಿದೆ. ಅವರಿಗೆ ನಮ್ಮ ಗುಂಪು ಗೊತ್ತಿಲ್ಲವಾದ್ದರಿಂದ ಬುಡದಿಂದಲೇ ಬರೆಯುತ್ತೇನೆ.

ಕಾಫಿ ಕ್ಯೂರಿಂಗ್ ವರ್ಕ್ಸಿನ ದೊರೆಯೊಬ್ಬ ಈ ಊರಿಗೆ ಫುಟ್‌ಬಾಲ್ ತಂದಾಗ ನನಗಿನ್ನೂ ಮೀಸೆ ಕಪ್ಪಗಿತ್ತು. ಗಾಡಿ ಚಕ್ರ ಮಾಡುವ ಇಮಾಮ್ ಸಾಬ್ ನಮ್ಮ ತಂಡದ ಗೋಲ್‌ಕೀಪರ್. ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಚಕ್ರಕ್ಕೆ ತೊಡಿಸಿ ಪಳಗಿದ ಕೈ, ಚೆಂಡು ಅದಕ್ಕೆ ಅಂಟಿಕೊಳ್ಳುತ್ತಿತ್ತು. ನಾನು, ಗಾಣದ ಹುಚ್ಚಯ್ಯ, ಇಬ್ಬರೂ ಚೆಂಡಿಗೆ ಕಾಲು ತಾಗಿಸಿದವರಲ್ಲ. ಮೈದಾನದ ಅಂಚಿನಲ್ಲಿ ಮರದ ಡಿಪೋದವರು ಬಿಟ್ಟುಹೋದ ಮತ್ತಿಮರದ ದಿಮ್ಮಿಯೊಂದಿದೆಯಲ್ಲ, ಅದರ ಮೇಲೆ ಕೂತು ಆಡಿದೆವು. ಇಮಾಮನಿಗೆ ವಯಸ್ಸಾದ ಮೇಲೆ ಅವನೂ ಅದೇ ದಿಮ್ಮಿಗೆ ಬಂದ. ಯಾರ ಜಾಗ ಯಾರೂ ಬದಲಿಸುವಂತಿಲ್ಲ. ಹುಚ್ಚಯ್ಯ ಎದ್ದು ನಿಂತರೆ ನಮ್ಮ ಮೇಲೆ ಗೋಲಾಗುತ್ತದೆಂದು ಊರಿಗೇ ನಂಬಿಕೆ. ಅವನು ಮೂತ್ರಕ್ಕೂ ಏಳದೆ ತೊಂಬತ್ತು ನಿಮಿಷ ಕೂರುತ್ತಾನೆ.

ಕ್ಯಾಮೆರಾ ಬಂದದ್ದು ಆಮೇಲೆ. ತೋಟ ಮಾರಿ ತನ್ನ ಸೀಮೆಗೆ ಹೊರಟ ಇನ್ನೊಬ್ಬ ಬಿಳಿ ದೊರೆಯ ಸಾಮಾನು ಹರಾಜಿನಲ್ಲಿ ಕೊಂಡ ಡಬ್ಬ ಅದು. ಜೊತೆಗಿದ್ದ ಇಂಗ್ಲಿಷ್ ಕಾಗದವನ್ನು ಪೋಸ್ಟ್‌ಮಾಸ್ಟರರಿಂದ ಓದಿಸಿಕೊಂಡು ಕಲಿತೆ. ರಾಗಿ ಕೋಣೆಯಲ್ಲಿ ಲಾಟೀನಿಗೆ ಕೆಂಪು ಕಾಗದ ಸುತ್ತಿ ನಾನೇ ಫಿಲ್ಮು ತೊಳೆಯುತ್ತಿದ್ದುದು ನಿನಗೆ ನೆನಪಿರಬೇಕು, ಅವ್ವನ ಹಿಟ್ಟಿನ ತಟ್ಟೆ ಹಾಳುಮಾಡಿ ಬೈಸಿಕೊಂಡದ್ದೂ. ಡಬ್ಬದ ನೆತ್ತಿಯ ಮೇಲೆ ಸಣ್ಣ ಗಾಜಿನ ಕಿಟಕಿ. ಹೊಟ್ಟೆಗೆ ಒತ್ತಿ ಹಿಡಿದು ಬಗ್ಗಿ ನೋಡಬೇಕು. ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ.

ಈಗ ಎರಡು ವರ್ಷದ ಹಿಂದೆ ಇಮಾಮನ ಎರಡು ಕಣ್ಣಿಗೂ ಪೊರೆ ಬಂತು. ಆಟಕ್ಕೆ ಬರುವುದಿಲ್ಲವೆಂದು ಕುಲುಮೆಯ ಮುಂದೆ ಕೂತುಬಿಟ್ಟ. ನಾನೂ ಹುಚ್ಚಯ್ಯನೂ ಕರೆಯಲು ಹೋದೆವು.

"ಕಾಣದ ಆಟಕ್ ಯಾಕ್ ಬರ್ಲಿ? ಜನ ನಗಾಕಾ?" ಎಂದ.

ಹುಚ್ಚಯ್ಯ ಅವನ ರಟ್ಟೆ ಹಿಡಿದು ಎಬ್ಬಿಸಿದ. "ನೀನ್ ಗೋಲ್ ಕಾಯ್ತಿದ್ದಾಗ್ಲೂ ಚೆಂಡು ಕಂಡಿದ್ದು ಅಷ್ಟ್ರಲ್ಲೇ ಐತೆ. ಬಾರ್ಲಾ ಸಾಕು."

ಅವತ್ತಿನಿಂದ ಆಟವನ್ನು ಅವನಿಗೆ ಬಾಯಲ್ಲಿ ಹೇಳುವುದು ನನ್ನ ಕೆಲಸವಾಯಿತು. ಆಟ ಶುರುವಾದರೆ ಹುಚ್ಚಯ್ಯನ ಬಾಯಿಗೆ ಬೈಗಳ ಬಿಟ್ಟು ಬೇರೇನೂ ಬಾರದು, ಅವನಿಂದ ಆಗುವ ಮಾತಲ್ಲ. ಮೊದಲ ದಿನವೇ ಎಡವಟ್ಟಾಯಿತು. ನಾನು ಕ್ಯಾಮೆರಾದ ಕಿಟಕಿಗೆ ಬಗ್ಗಿಕೊಂಡೇ ಹೇಳುತ್ತಿದ್ದೆ. ಚೆಂಡು ಎಡಕ್ಕೆ ಹೋಯಿತು ಎಂದರೆ ಇಮಾಮ ಬಲಕ್ಕೆ ಕಿವಿ ತಿರುಗಿಸುತ್ತಿದ್ದ.

"ಲೇ ಬೀರ, ಎಡಕ್ ಓಯ್ತು ಅಂತೀಯ, ಕೂಗು ಬಲಕ್ ಕೇಳ್ತದೆ. ಯಾವೂರ್ ಆಟ ನೋಡ್ತಿದ್ದೀಯ ನೀನು?"

ಕಿಟಕಿಯ ಗುಟ್ಟು ಹೇಳಿದೆ. ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅಂದಿನಿಂದ ನಾನು ತಪ್ಪಿದಾಗಲೆಲ್ಲ "ಕನ್ನಡಿ ಬುಟ್ ಏಳು" ಎನ್ನುವುದು ನಮ್ಮ ದಿಮ್ಮಿಯ ಗಾದೆಯಾಯಿತು.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಪೊರೆ ತೆಗೆಯುತ್ತಾರೆಂದು ಎಷ್ಟು ಹೇಳಿದರೂ ಅವನು ಕೇಳಿರಲಿಲ್ಲ. ಹೋದ ತಿಂಗಳು ಅವನ ಮನೆಯಾಕೆ ಅಜ್ಮತುನ್ನೀಸಾ ನನ್ನನ್ನು ಕರೆಸಿದರು. ಪರದೆಯ ಹಿಂದಿನಿಂದಲೇ, "ಬೀರಣ್ಣ, ನಮ್ ಮಾತು ಕೇಳಲ್ಲ ಅವ್ರು. ನಿನ್ನೆ ಬಿಸಿ ಪಟ್ಟಿಗೆ ಕೈ ಇಟ್ರು. ನೀವಾದ್ರೂ ಏಳಿ" ಎಂದರು.

ಇಮಾಮ ಬಟ್ಟೆ ಸುತ್ತಿದ ಕೈಯನ್ನು ಹಿಂದಕ್ಕೆ ಬಚ್ಚಿಟ್ಟುಕೊಂಡ. "ಈಗ ಬಿಸ್ಲು ನೆಳ್ಳಾದ್ರೂ ಕಾಣ್ತದೆ. ಕತ್ತರಿ ಆಕ್ಸಿ ಅದೂ ಓದ್ರೆ? ನಮಾಜಿನ ವೇಳೆ ಎಂಗ್ ತಿಳೀತದೆ?"

"ಬಾಂಗ್ ಕೂಗದು ಯಾಕ್ ಮತ್ತೆ? ಕಣ್ಣಿಗಾ?" ಎಂದ ಹುಚ್ಚಯ್ಯ.

ಒಳಗಿನಿಂದ ಅಜ್ಮತುನ್ನೀಸಾ ನಕ್ಕದ್ದು ಕೇಳಿಸಿತು. ಇಮಾಮ ಮಾತ್ರ ನಗಲಿಲ್ಲ. ದಸರಾ ಕಳೆದು ವಿರಾಜಪೇಟೆಯವರ ಜೊತೆ ಕಪ್ಪಿನ ಆಟವಿದೆ, ಅದು ಮುಗಿಯಲಿ, ಆಮೇಲೆ ನೋಡೋಣ ಎಂದು ಮಾತು ತೇಲಿಸಿದ.

ಆ ಆಟದ ಸುದ್ದಿ ಕೇಳು. ವಿರಾಜಪೇಟೆಯವರು ಎರಡು ಲಾರಿ ತುಂಬ ಬಂದಿದ್ದರು. ಪಿರಿಯಾಪಟ್ಟಣ, ಹಂಪಾಪುರದ ಜನವೂ ಗಾಡಿ ಕಟ್ಟಿಕೊಂಡು ಬಂದು ಲಕ್ಷ್ಮಣತೀರ್ಥದ ದಡದವರೆಗೆ ನಿಂತಿದ್ದರು. ಅರ್ಧ ಆಟದವರೆಗೆ ನಾನು ಎಂದಿನಂತೆ ಹೇಳುತ್ತಿದ್ದೆ, ನಮ್ಮವರು ಹುಲಿಗಳ ಹಾಗೆ ಆಡುತ್ತಿದ್ದಾರೆ, ಚೆಂಡು ಅವರ ಕಡೆಯೇ ಇದೆ ಎಂದು. ಇಮಾಮ ಸುಮ್ಮನೆ ಕೇಳುತ್ತಿದ್ದವನು ಕೈಚಾಚಿ ನನ್ನ ಮಡಿಲು ತಡವಿದ. ಆಮೇಲೆ ಮೆಲ್ಲಗೆ, "ಸುಮ್ಕಿರು ಬೀರ. ಇನ್ಮೇಲೆ ನಾನ್ ಏಳ್ತೀನಿ. ಡಬ್ಬ ಈಚೆ ತಗಿ" ಎಂದ.

ಹೇಳಿದ ನೋಡು ಮಗ, ನಾನು ಬೆರಗಾದೆ. ಬರಿಗಾಲು ಚೆಂಡಿಗೆ ಬಡಿದ ಸದ್ದಿನಿಂದಲೇ ಅದು ನೆಲದ ಮೇಲೆ ಬಂತೋ ಗಾಳಿಯಲ್ಲಿ ಬಂತೋ ಹೇಳಿಬಿಡುತ್ತಿದ್ದ. "ಈಗ ಅವ್ರ ಗೋಲ್ ಕಾಯೋನು ಮುಂದಕ್ ಬಂದ, ಉಸ್ರು ಬಿಗಿ ಇಡ್ಕಂಡವ್ನೆ, ಜನದ್ ಕೂಗ್ನಲ್ಲೇ ಗೊತ್ತಾಯ್ತದೆ" ಎಂದ. ಗೋಲ್ ಕಾಯ್ದವನ ಕಿವಿ ಅದು. ನನ್ನ ಮೊಣಕೈ ಹಿಡಿದು ಕ್ಯಾಮೆರಾವನ್ನು ಅವನೇ ಗುರಿಗೆ ತಿರುಗಿಸಿದ. ಕೊನೆಯ ಹೊತ್ತಿಗೆ ಮೈದಾನವೆಲ್ಲ ಒಮ್ಮೆ ಗಪ್ಪಾಯಿತು. ಇಮಾಮ ನನ್ನ ತೊಡೆಗೆ ಫಟ್ ಎಂದು ತಟ್ಟಿದ. ನಾನು ಒತ್ತಿದೆ. ಆಮೇಲೆ ಊರೇ ಕೂಗಿತು. ಹುಚ್ಚಯ್ಯ ಇಷ್ಟು ವರ್ಷದಲ್ಲಿ ಮೊದಲ ಸಲ ಎದ್ದು ಕುಣಿದ.

ಕಪ್ಪು ನಮಗೇ ಬಂತು. ಫಿಲ್ಮನ್ನು ಈ ಸಲ ನಾನು ತೊಳೆಯದೆ ಮೈಸೂರಿನ ಸ್ಟುಡಿಯೋಕ್ಕೆ ಕಳಿಸಿದೆ. ಮೊನ್ನೆ ಟಪಾಲಿನಲ್ಲಿ ಬಂತು. ಚೆಂಡು ಕಂಬಗಳ ನಡುವೆ, ಧೂಮಕೇತುವಿನ ಹಾಗೆ ಬಾಲ ಬಿಟ್ಟುಕೊಂಡು ಬಂದಿದೆಯೆಂದು ಹುಚ್ಚಯ್ಯ ಹೇಳುತ್ತಾನೆ. ಇಷ್ಟು ವರ್ಷದಲ್ಲಿ ನಾನು ತೆಗೆದ ಎಲ್ಲಕ್ಕಿಂತ ಇದೇ ಮೇಲು ಎಂದು ಪೋಸ್ಟ್‌ಮಾಸ್ಟರರೂ ಅಂದರು. ಈ ಕಾಗದದ ಜೊತೆ ಇಟ್ಟಿದ್ದೇನೆ. ಫೋಟೋ ಹಿಂದೆ "ತಟ್ಟಿದವನು ಇಮಾಮ್ ಸಾಬ್, ಒತ್ತಿದವನು ಸಣ್ಣಬೀರಯ್ಯ" ಎಂದು ಬರೆದಿದ್ದೇನೆ, ಅಳಿಸಬೇಡ.

ಅವತ್ತು ಗಲಾಟೆ ಅಡಗಿದ ಮೇಲೆ ಇಮಾಮ ನನ್ನ ಕಿವಿಗೆ ಬಾಯಿಟ್ಟು, ಮೈಸೂರಿಗೆ ಬರುತ್ತೇನೆ, ಕಣ್ಣು ಕೊಯ್ಯಿಸಿಕೊಳ್ಳುತ್ತೇನೆ, ಆದರೆ ಒಂದು ಷರತ್ತು ಎಂದ. ಷರತ್ತಿಗೆ ನಾನು ಒಪ್ಪಿದ್ದೇನೆ. ಈಗ ರಂಜಾನ್ ಉಪವಾಸ ನಡೆಯುತ್ತಿದೆ. ಹಬ್ಬ ಕಳೆದ ಮಾರನೆಯ ದಿನವೇ ಮೊದಲ ಮೋಟಾರಿಗೆ ಹೊರಡುವುದು ಗೊತ್ತಾಗಿದೆ. ಅಳಿಯಂದಿರು ಅಷ್ಟರಲ್ಲಿ ಒಮ್ಮೆ ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ವಿಚಾರಿಸಲಿ. ಒಂದರ ಪಕ್ಕ ಒಂದು ಎರಡು ಹಾಸಿಗೆ ಬೇಕೆಂದು ಕೇಳಲಿ. ಎರಡು ಎಂಬುದನ್ನು ಮರೆಯದಿರಲಿ. ಬುತ್ತಿಯ ಯೋಚನೆ ಬೇಡ, ಅಜ್ಮತುನ್ನೀಸಾ ಈಗಾಗಲೇ ಅಕ್ಕಿ ರೊಟ್ಟಿಯ ಲೆಕ್ಕ ಹಾಕುತ್ತಿದ್ದಾರೆ. ಹುಚ್ಚಯ್ಯ ಜೊತೆಗೆ ಬಂದು ಕಾವಲು ಕೂರುತ್ತಾನೆ, ಕೂರುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಎಲ್ಲ ಸರಿಹೋಗುತ್ತದೆ. ಮುಂದಿನ ವರ್ಷದ ಕಪ್ಪಿನ ಆಟಕ್ಕೆ ನೀನು ಕೂಸನ್ನು ಎತ್ತಿಕೊಂಡು ಬಾ, ದಿಮ್ಮಿಯ ಮೇಲೆ ಒಂದು ಮೊಳ ಜಾಗ ಬಿಡಿಸುತ್ತೇನೆ. ನಿಮಗೆಲ್ಲ ಆಯಸ್ಸು, ಆರೋಗ್ಯ ಹೆಚ್ಚಲಿ. ನಮ್ಮ ಬೀರೇದೇವರು ನಿಮ್ಮ ಬಾಗಿಲು ಕಾಯಲಿ.

ಇಂತಿ ನಿನ್ನ ಅಪ್ಪ,
ಸಣ್ಣಬೀರಯ್ಯ

ಮೇಲೆ ಬರೆಯದೆ ಉಳಿಸಿಕೊಂಡ ಮಾತು:
ಇದನ್ನು ಮೊದಲು ನೀನೊಬ್ಬಳೇ ಓದು. ಆಮೇಲೆ ಅಳಿಯಂದಿರಿಗೆ ಹೇಳು. ಅವ್ವನಿಗೆ ನಾನೇ ಹೇಳುತ್ತೇನೆ.

ಇಮಾಮ ಅವತ್ತು ನನ್ನ ಮಡಿಲು ತಡವಿದ್ದು ಕ್ಯಾಮೆರಾ ಇದೆಯೋ ಎಂದು ನೋಡಲು. ಚೆಂಡು ಆ ತುದಿಯಲ್ಲಿದ್ದಾಗ ನಾನು ಈ ತುದಿಯಲ್ಲಿದೆ ಎನ್ನುತ್ತಿದ್ದೆ. ಕನ್ನಡಿ ನೋಡುತ್ತಿದ್ದಾನೆ ಎಂದುಕೊಂಡನಂತೆ. ಡಬ್ಬ ಚೀಲದಲ್ಲೇ ಇತ್ತು.

ಗಲಾಟೆ ಅಡಗಿದ ಮೇಲೆ, "ಎಷ್ಟ್ ದಿವ್ಸದಿಂದ?" ಎಂದ.

"ಯುಗಾದಿಗೂ ಮುಂಚಿಂದ."

"ಅಂಗಾರೆ ಈ ವರ್ಸದ ಆಟ ಎಲ್ಲ ನೀನ್ ಕಟ್ಟಿ ಏಳಿದ್ದಾ?"

"ಅರ್ಧ ಕಟ್ಟಿದ್ದು."

"ಚೆನ್ನಾಗಿತ್ತು ಕಣ್ಲಾ. ನಿಜ್ವಾಗ್ ನಮ್ಮೋರು ಅಷ್ಟ್ ಚೆನ್ನಾಗ್ ಆಡಲ್ಲ" ಎಂದ. ಆಮೇಲೆ ಷರತ್ತು ಹೇಳಿದ: "ನೀನ್ ಪಕ್ಕದ್ ಆಸ್ಗೇಲಿ ಮಲಗಿದ್ರೆ ನಾನ್ ಮಲಗ್ತೀನಿ. ಇಲ್ದಿದ್ರೆ ಇಲ್ಲ."

ಎರಡನೆಯ ಹಾಸಿಗೆ ನನಗೆ ಮಗ.

ನೀನು ಬಾಣಂತಿಯಾಗಿ ಇಲ್ಲಿದ್ದಾಗ ಒಂದು ದಿನ ನೀನು ನೀರು ಹಾಕಿಸಿಕೊಳ್ಳುವ ಹೊತ್ತಿನಲ್ಲಿ ಕೂಸನ್ನು ಅಂಗಳದ ಚಾಪೆಯ ಮೇಲೆ ಮಲಗಿಸಿ ಕ್ಯಾಮೆರಾ ಹಿಡಿದು ಬಗ್ಗಿದ್ದೆ. ಕಿಟಕಿಯಲ್ಲಿ ಮಂಜು. ಗಾಜು ಕೊಳೆಯಾಗಿದೆ ಎಂದು ಪಂಚೆಯ ತುದಿಯಿಂದ ಒರೆಸಿದೆ, ಮತ್ತೆ ಒರೆಸಿದೆ. ಬೆಳ್ಳಗೆ ಏನೋ ಅಲ್ಲಾಡುತ್ತಿತ್ತು. ತಲೆ ಯಾವ ಕಡೆ, ಕಾಲು ಯಾವ ಕಡೆ ತಿಳಿಯಲಿಲ್ಲ. ಗೋಲಾದರೆ ಒತ್ತು ಎಂದು ತಟ್ಟಲು ಈಗ ಇಮಾಮನಿದ್ದಾನೆ. ಅವತ್ತು ಅಂಗಳದಲ್ಲಿ ಯಾರೂ ಇರಲಿಲ್ಲ. ನನ್ನ ಮೊಮ್ಮಗಳ ಮುಖವನ್ನು ಅಂದಾಜಿನಲ್ಲಿ ತೆಗೆಯಲು ಮನಸ್ಸು ಬರಲಿಲ್ಲ. ಕ್ಯಾಮೆರಾ ಒಳಗಿಟ್ಟೆ. ನೀನು ಗಂಡು ಹೆಣ್ಣು ಎಂದು ಬರೆದೆ. ನನಗೆ ಮುಖವೇ ಕಂಡಿಲ್ಲ.

ಹೊಸ ಫಿಲ್ಮು ತಂದು ಹುಚ್ಚಯ್ಯನ ಕೈಲಿ ಹಾಕಿಸಿದ್ದೇನೆ. ಮೊದಲ ಚಿತ್ರ ದೊಡ್ಡತಾಯಿಯದು. ಅಲ್ಲಿಯವರೆಗೆ ನಮ್ಮವರು ಹತ್ತು ಗೋಲು ಹೊಡೆದರೂ, ಇಮಾಮ ತೊಡೆ ಮುರಿಯುವ ಹಾಗೆ ತಟ್ಟಿದರೂ ನಾನು ಒತ್ತುವುದಿಲ್ಲ.

ಇನ್ನೊಂದು ಮಾತು ನೀನೇ ಹೇಳಬೇಕು. ಕೂಸು ಹುಟ್ಟಿದ ದಿನ ಮೂಗು ತಡವಿ ನೋಡಿ, ಥೇಟು ನಮ್ಮವ್ವ ದೊಡ್ಡತಾಯಮ್ಮನ ಮೂಗು ಎಂದುಬಿಟ್ಟೆ. ನನ್ನ ಆ ಒಂದು ಮಾತಿನ ಮೇಲೆ ನೀವೆಲ್ಲ ಅವಳಿಗೆ ಆ ಹೆಸರಿಟ್ಟಿರಿ. ನೀನು ಚಿಕ್ಕವಳಿದ್ದಾಗ ಅಜ್ಜಿಯ ತೊಡೆಯ ಮೇಲೆ ಬೆಳೆದವಳು, ನಿನಗೆ ಅವಳ ಮೂಗು ನೆನಪಿದೆ. ಬೆಳಕಿಗೆ ಹಿಡಿದು ಒಮ್ಮೆ ಸರಿಯಾಗಿ ನೋಡು. ಹೌದೋ, ಅಲ್ಲವೋ, ಮಸಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆ. ಬೇಗ ಬರೆ.